ಕೊರಳೊಳಗಿನ ಬಾಗಿಲು

ಇಳಕಲ್ಲಿನ ಕಾಲೇಜಿನಲ್ಲಿ ನಮಗೆ ಜೀವಶಾಸ್ತ್ರ ಕಲಿಸುತ್ತಿದ್ದ ಸರ್, ಅವ್ವನ ಕೊರಳಿನ ಗಂಟು ನೋಡಲು ಬಂದದ್ದು ಎರಡು ಸಾವಿರದ ಇಸವಿಯ ಆಚೀಚೆ. ಬಿಳಿ ಅಂಗಿ ತೊಟ್ಟಿದ್ದರೆಂದು ಬರೆಯಹೊರಟೆ. ಅದನ್ನು ಈಗ ನಾನೇ ತೊಡಿಸಿರಬೇಕು. ಬೆರಳುಗಳು ಮಾತ್ರ ನಿಜ. ನೇಕಾರರ ಮನೆಯ ಆ ಬೆರಳುಗಳು ಮಾತಾಡುವಾಗ ಗಾಳಿಯಲ್ಲಿ ಎಳೆ ಸೇರಿಸುತ್ತಿದ್ದವು.

ಎರಡು ವರ್ಷ ಅಯೋಡಿನ್ ಬೆರೆತ ಹರಳುಪ್ಪು ತಿಂದರೂ ಗಂಟು ಬೆಳೆಯುತ್ತಲೇ ಇತ್ತು. ಅವ್ವನಿಗೆ ಆಪರೇಷನ್ನಿನ ಹೆದರಿಕೆ.

"ಥೈರಾಯ್ಡಿನ ಒಂದೊಂದು ಕೋಶದ ಪೊರಿಯೊಳಗೂ ಪ್ರೋಟೀನಿನ ಬಾಗಲಾ ಅದಾವ್ರಿ ಅಕ್ಕಾರ," ಎಂದು ಸರ್ ಎರಡು ಬೆರಳ ನಡುವೆ ಹೆಬ್ಬೆರಳು ಸೇರಿಸಿದರು. "ಎರಡು ಸೋಡಿಯಂ ಒಳಗ ನುಗ್ಗುವಾಗ ಒಂದು ಅಯೋಡೈಡನ್ನ ಕೈಹಿಡಿದು ಒಯ್ತಾವ. ಒಳಗ ಎಷ್ಟು ತುಂಬಿದ್ರೂ ಮತ್ತ ಒಯ್ತಾವ. ಏನ್ ಕೆಲಸಾ ರೀ!"

ತರಗತಿಯಲ್ಲಿ ಎಲೆಗೂ ಹುಳಕ್ಕೂ ಅವರದು ಇದೇ ಉದ್ಗಾರ.

"ನನ್ನ ಬಾಗಲಕ್ಕ ಕೀಲಿ ಬಿದ್ದೈತೇನ್ರಿ?" ಅವ್ವ ನಗುತ್ತ, ಸಾರಿಗೆ ಹಾಕುವ ಉಪ್ಪನ್ನು ತೊಳೆದು ನೀರು ಚೆಲ್ಲಿದಳು. ಮಣ್ಣು ಹೋಗಲೆಂದು ನಮ್ಮ ಓಣಿಯವರೆಲ್ಲ ಹಾಗೇ ತೊಳೆಯುತ್ತಿದ್ದರು.

ಸರ್ ಬಚ್ಚಲಿಗೆ ಹರಿಯುವ ನೀರನ್ನೇ ನೋಡಿದರು. "ಹರಳಿನ ಮ್ಯಾಲಿನ ಅಯೋಡಿನ್ ಅದರಾಗ ಹೊಂಟೈತಲ್ರಿ!"

"ಹಂಗಾದ್ರ ಇಷ್ಟು ದಿನಾ..."

"ಇಷ್ಟು ದಿನಾ ಆ ಬಾಗಲಾ ಅಯೋಡಿನ್ನಿಗೆ ತೆರಕೊಂಡ ನಿಂತಾವ. ಸಾಲಲಿಲ್ಲಂತ ಗ್ರಂಥಿ ಇನ್ನಷ್ಟು ಬಾಗಲಾ ಹಚ್ಚಿಕೊಂಡು ಬೆಳದೈತಿ."

ಗಂಟು ಪೂರ್ತಿ ಇಳಿಯಿತೆಂದರೆ ಕತೆ ಚೆಂದವಾಗುತ್ತದೆ. ಉಪ್ಪು ತೊಳೆಯುವುದು ಬಿಟ್ಟ ಮೇಲೆ ಅರ್ಧ ಇಳಿಯಿತು, ಆಪರೇಷನ್ ತಪ್ಪಿತು. ಆದರೆ ಸರ್ ಹಾಗೆಂದ ಆ ಹೊತ್ತು ಅವ್ವ, ಸದಾ ಮುಚ್ಚಿಕೊಳ್ಳುತ್ತಿದ್ದ ಸೆರಗು ಸರಿಸಿ, ಗಂಟಿನ ಮೇಲೆ ಅಂಗೈಯಿಟ್ಟು, ಹಸಿದ ಕೂಸಿಗೆ ಹೇಳುವಂತೆ ಮೆಲ್ಲಗೆ ಅಂದಳು: "ತಡಿ ಯವ್ವಾ, ಕೊಡ್ತೇನಿ."