ಆಯಿಯ ಊರಿಗೆ ಅಪ್ಪ ಬರೆದ ದಾರಿ

ನಮ್ಮ ಅಪ್ಪನ ಕೈಗೆ ಒಂದು ಹಾಳೆ ಸಿಕ್ಕರೆ ಸಾಕಿತ್ತು, ಲೋಕದ ಯಾವ ಕೆಲಸವನ್ನಾದರೂ ಅದರ ಮೇಲೆ ಬರೆದು ಮುಗಿಸಿಬಿಡುತ್ತಿದ್ದ. ರಾಯಚೂರಿನ ಕಚೇರಿಯಲ್ಲಿ ಅವನು ಜವಾನ. ಸಾಹೇಬರ ಬಾಗಿಲ ಹೊರಗೆ ಕೂತು ಕೂತೇ ಉರ್ದು ಅಕ್ಷರ ಕಲಿತಿದ್ದ. ನಮ್ಮ ಓಣಿಯಲ್ಲಿ ಕಲ್ಲು ಹೊರುವವರು, ಜಿನ್ನಿನಲ್ಲಿ ಹತ್ತಿ ತುಂಬುವವರೇ ಹೆಚ್ಚು. ಬರೆಯಬಲ್ಲ ಕೈ ಅಪ್ಪನದೊಂದೇ. ಅದರ ಜಂಬ ಅವನಿಗಿತ್ತು, ಅವನಿಗಿಂತ ಒಂದು ತೂಕ ಹೆಚ್ಚಾಗಿ ನನಗಿತ್ತು. ಹೀಗಾಗಿ ಆಯಿಯನ್ನು ಅವಳ ಊರಿಗೆ ಕರೆದೊಯ್ಯುವ ಮಾತು ಬಂದಾಗ ಅಪ್ಪ ಮೊದಲು ಹುಡುಕಿದ್ದು ಗಾಡಿಯನ್ನಲ್ಲ, ಕಾಗದವನ್ನು.

ಆಯಿ ಎಂದರೆ ಅಪ್ಪನ ತಾಯಿ. ಅವಳು ಹುಟ್ಟಿದ ಊರು ದೇವದುರ್ಗ ತಾಲ್ಲೂಕಿನದು, ಗಬ್ಬೂರಿನಿಂದ ಆಚೆ. ಅವಳಿಗೆ ಎಂಟೋ ಒಂಬತ್ತೋ ವರ್ಷವಿದ್ದಾಗ ಆ ಊರಿಗೆ ಪ್ಲೇಗು ಬಂತು. ಅವಳ ತಾಯಿ ಬೆಳಿಗ್ಗೆ ತೀರಿಕೊಂಡಳು. ಮಧ್ಯಾಹ್ನ ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಹೊತ್ತು ಇಳಿಯುವುದರೊಳಗೆ ಇಡೀ ಊರು ಗಾಡಿ ಹೂಡಿಕೊಂಡು ಹೊರಟುಹೋಯಿತು. ನಮ್ಮಲ್ಲಿ ಮೂರನೆಯ ದಿನ, ಸತ್ತವರಿಗೆ ಏನು ಇಷ್ಟವೋ ಅದನ್ನು ಬೇಯಿಸಿ ಮಣ್ಣಿನ ಮೇಲೆ ಎಡೆ ಇಡುತ್ತಾರೆ. ಅದನ್ನು ಇಡುವುದಕ್ಕೆ ಅಲ್ಲಿ ಯಾರೂ ಉಳಿದಿರಲಿಲ್ಲ. ಆಮೇಲೆ ಯಾರೂ ತಿರುಗಿ ಹೋಗಲಿಲ್ಲ. ಮನೆಯಲ್ಲಿ ಹೋಳಿಗೆ ಮಾಡಲಿ, ಹುಗ್ಗಿ ಮಾಡಲಿ, ಆಯಿ ತುತ್ತು ಕೈಗೆತ್ತಿಕೊಂಡು "ನಮ್ಮವ್ವ ಹಸ್ಕೊಂಡು ಮಲಗ್ಯಾಳ" ಎನ್ನುತ್ತಿದ್ದಳು. ಅವಳು ಅತ್ತು ಹೇಳುತ್ತಿರಲಿಲ್ಲ, ಮಳೆ ಬಂತು ಎಂದು ಹೇಳುವ ದನಿಯಲ್ಲೇ ಹೇಳುತ್ತಿದ್ದಳು. ನನ್ನ ಅವ್ವನಿಗೆ ಮಾತ್ರ ಆ ಹೊತ್ತಿಗೆ ಉಣ್ಣುವ ಮನಸ್ಸೇ ಹೋಗಿಬಿಡುತ್ತಿತ್ತು.

ನಾನು ಹೇಳುತ್ತಿರುವುದು ದೊಡ್ಡ ಯುದ್ಧ ನಡೆದಿದ್ದ ಕಾಲದ ಮಾತು. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಮೋಟಾರುಗಳು ಇದ್ದಿಲು ಉರಿಸಿಕೊಂಡು ಕೆಮ್ಮುತ್ತ ಓಡುತ್ತಿದ್ದವು. ಆಯಿಯ ಕಣ್ಣಿಗೆ ಪೊರೆ ಬಂದಿತ್ತು. ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದರಲ್ಲಿ ಬೆಳಕು ಮತ್ತು ಎದುರಿಗೆ ನಿಂತವರ ಆಕಾರ ಅಷ್ಟೇ. ಒಂದು ದಿನ ಅಪ್ಪ ಕಚೇರಿಯಿಂದ ಬಂದು ಕಾಲು ತೊಳೆಯುತ್ತಿದ್ದಾಗ ಅವಳು ಕೇಳಿದಳು.

"ಇದೂ ಮುಚ್ಚೋದ್ರೊಳಗ ಒಂದ್ ಸಲ ನಮ್ಮವ್ವನ ಮುಂದ ಎಡಿ ಇಟ್ ಬರ್ತೀನಿ. ಕರ್ಕೊಂಡು ಹೋಗ್ತಿ ಏನಪ್ಪಾ?"

ತಾಯಿ ಎಂದೂ ಏನನ್ನೂ ಬೇಡಿದವಳಲ್ಲ. ಅಪ್ಪ ಕಾಲಿನ ನೀರು ಒರೆಸಿಕೊಳ್ಳದೆ ಹಾಗೇ ಒಳಗೆ ಬಂದು, ಸುಗ್ಗಿ ಮುಗಿದ ಕೂಡಲೇ ಹೋಗೋಣ ಎಂದ.

ಆದರೆ ದಾರಿ ಯಾರಿಗೆ ಗೊತ್ತಿತ್ತು? ಅದೇ ಹೆಸರಿನ ಊರು ಆ ಸೀಮೆಯಲ್ಲಿ ಇನ್ನೂ ಎರಡಿದ್ದವು. ಕೇಳಿದವರೆಲ್ಲ ಆ ಎರಡಕ್ಕೇ ಕೈ ತೋರಿಸುತ್ತಿದ್ದರು. ಅಪ್ಪ ಕಚೇರಿಯ ಗುಮಾಸ್ತರೊಬ್ಬರ ಕಾಲು ಹಿಡಿದು ಹಳೆಯ ದಫ್ತರು ತೆಗೆಸಿದ. ಊರಿನ ಹೆಸರು ಇತ್ತು, ದಾರಿ ಇರಲಿಲ್ಲ. ಹೆಸರಿನ ಮುಂದೆ 'ಬೇಚಿರಾಗ್' ಎಂದು ಬರೆದಿತ್ತು. ಜನರಿಲ್ಲದ ಊರಿಗೆ ಸರಕಾರ ಇಟ್ಟ ಹೆಸರು ಅದು, ದೀಪವಿಲ್ಲದ್ದು ಎಂದು ಅರ್ಥ. ಗಬ್ಬೂರಿನ ಸುತ್ತ ಅಂಥವು ಇನ್ನೂ ಕೆಲವು ಇದ್ದವಂತೆ. ಅಪ್ಪ ಬಂದು ಅರ್ಥ ಬಿಡಿಸಿ ಹೇಳಿದಾಗ ಆಯಿಗೆ ಸಿಟ್ಟು ಬಂತು. ನಮ್ಮವ್ವ ಸತ್ತ ಜಾಗದಲ್ಲಿ ಹಣತೆ ಹಚ್ಚಿಟ್ಟೇ ಬಂದಿದ್ದೆವು, ದೀಪ ಇರಲಿಲ್ಲ ಎಂದು ಬರೆದವನು ಯಾರು, ಅವನು ಬಂದು ನೋಡಿದ್ದನೇ ಎಂದು ಕೇಳಿದಳು.

ಮುಂದಿನ ರಜೆಗೆ ಅಪ್ಪ ಮಾನ್ವಿಗೆ ಹೋಗಿಬಂದ. ಆಯಿಯ ಅಣ್ಣ ಅಲ್ಲಿದ್ದ. ಊರು ಬಿಟ್ಟವರಲ್ಲಿ ಉಳಿದವರು ಇವರಿಬ್ಬರೇ. ಮುದುಕ ಬೇವಿನ ನೆರಳಿನಲ್ಲಿ ಕೂತು ಬಹಳ ಹೊತ್ತು ಯೋಚಿಸಿದನಂತೆ. ತಾನು ಆ ದಿನ ಎತ್ತಿನ ಹಗ್ಗ ಹಿಡಿದು ಅದರ ಪಕ್ಕಕ್ಕೇ ನಡೆದದ್ದು, ಹಿಂದಕ್ಕೆ ತಿರುಗಬೇಡ ಎಂದು ತಂದೆ ಗದರಿಸಿದ್ದರಿಂದ ತಿರುಗಲೇ ಇಲ್ಲ, ತನಗೆ ಎತ್ತಿನ ಕೋಡು ಬಿಟ್ಟು ಬೇರೇನೂ ನೆನಪಿಲ್ಲ ಎಂದನಂತೆ. ತಂಗಿಯನ್ನು ಕೇಳು, ದಾರಿಯುದ್ದಕ್ಕೂ ನೋಡಿದವಳು ಅವಳು ಎಂದು ಹೇಳಿ ಕಳಿಸಿದ. ಅಪ್ಪ ಮಾನ್ವಿಯಿಂದ ತಂದದ್ದು ಅಷ್ಟೇ ಮಾತು, ಜೊತೆಗೆ ಒಂದು ಗಂಟು ಶೇಂಗಾ.

ಆಯಿ ಮಾತ್ರ ಎಲ್ಲ ಹೇಳಿದಳು. ನಾಲ್ಕೈದು ಸಂಜೆ ಅಂಗಳದ ಹೊರಸಿನ ಮೇಲೆ ಕಾಲು ಚಾಚಿ ಕೂತು, ಕಣ್ಣು ಮುಚ್ಚಿಕೊಂಡು ದಾರಿ ಹೇಳಿದಳು. ಊರು ಬಿಟ್ಟ ಕೂಡಲೇ ಬಲಗಡೆ ಮೆಟ್ಟಿಲ ಬಾವಿ. ಆಮೇಲೆ ಹಳ್ಳ. ಹಳ್ಳ ದಾಟಿದ ಮೇಲೆ ಎಡಗಡೆ ಒಂದರ ಮೇಲೊಂದು ಕೂತ ಎರಡು ದೊಡ್ಡ ಗುಂಡುಗಲ್ಲು. ಕೊನೆಗೆ ಗಬ್ಬೂರಿನ ದೊಡ್ಡ ದಾರಿ ಸೇರುವ ಕಡೆ ಎರಡು ಜಾಡು ಕೂಡುತ್ತವೆ, ನಮ್ಮೂರ ಜಾಡು ಬಲಗೈ ಕಡೆಯದು. ಕಣ್ಣು ಕಾಣದವಳು ಹೇಳುತ್ತಿದ್ದಾಳೆ ಎಂದು ಅನಿಸುತ್ತಲೇ ಇರಲಿಲ್ಲ. ಅಪ್ಪ ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದ. ಬರೆಯುವಾಗ ಒಂದು ಬುದ್ಧಿವಂತಿಕೆ ಮಾಡಿದ. ಅವಳು ಬಲ ಎಂದಲ್ಲೆಲ್ಲ ಎಡ ಎಂದು ಬರೆದ, ಎಡ ಎಂದಲ್ಲಿ ಬಲ.

ಅದು ಯಾಕೆ ಎಂದು ಆಯಿ ಕೇಳಿದಳು. ಆಗ ಎದ್ದು ನಿಂತವಳು ನಾನು. ನನಗೆ ಹನ್ನೊಂದು ವರ್ಷ, ಶಾಲೆಯಲ್ಲಿ ಮುಂದಿನ ಸಾಲು. ಅವಳ ಒಂದು ಕಣ್ಣಿಗೆ ನನ್ನ ಆಕಾರ ಕಾಣಲಿ ಎಂದು ತೀರ ಹತ್ತಿರ ನಿಂತು, ಎರಡು ಕೈ ಚಾಚಿ, ನಮ್ಮ ಅಂಗಳದ ಬೇವಿನ ಗಿಡ ಈಗ ನನ್ನ ಬಲಗೈ ಕಡೆ ಇದೆ, ನೋಡು ತಿರುಗಿದೆ, ಈಗ ಎಡಗೈ ಕಡೆ ಬಂತು ಎಂದು ತೋರಿಸಿದೆ. ನೀನು ಊರಿನಿಂದ ಹೊರಗೆ ಬಂದವಳು, ನಾವು ಊರಿಗೆ ಹೋಗುವವರು, ಆದ್ದರಿಂದ ಎಲ್ಲವೂ ತಿರುಗುಮುರುಗು. ಅಪ್ಪ ಭಲೇ ಎಂದು ನನ್ನ ಬೆನ್ನು ತಟ್ಟಿದ. ಆಯಿ ತೊಡೆಯ ಮೇಲಿದ್ದ ತನ್ನ ಎರಡೂ ಕೈಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡಳು. ಆಮೇಲೆ, ಇರಬಹುದು, ಕಲಿತವರು ನೀವು ಎಂದಳು.

ಆ ಎರಡು ತಿಂಗಳು ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಅಪ್ಪನಿಗೆ ಗಬ್ಬೂರಿನವರೆಗೆ ಮೋಟಾರಿನಲ್ಲಿ ಹೋಗುವ ಆಸೆ. ಮೋಟಾರು ಹತ್ತಿದರೆ ಮಣ್ಣಿನ ವಾಸನೆ ಬರುವುದಿಲ್ಲ ಎಂದು ಆಯಿ ಒಪ್ಪಲಿಲ್ಲ. ಕೊನೆಗೆ ಮಟಮಾರಿಯಿಂದ ಅವ್ವನ ತಮ್ಮ, ನಮ್ಮ ಸೋದರಮಾವ, ತನ್ನ ಎತ್ತು ಗಾಡಿ ತರುವುದೆಂದಾಯಿತು. ಗಾಡಿಗೆ ಹಾಸಲು ಎಷ್ಟು ಹುಲ್ಲು, ನೀರಿಗೆ ಯಾವ ಕೊಡ, ಎಲ್ಲವನ್ನೂ ಅಪ್ಪ ಇನ್ನೊಂದು ಹಾಳೆಯಲ್ಲಿ ಬರೆದ. ಅವ್ವ ಅದನ್ನು ಕಣ್ಣೆತ್ತಿಯೂ ನೋಡದೆ ತನಗೆ ತಿಳಿದಂತೆ ಕಟ್ಟಿದಳು. ಎಡೆಯ ಅಡುಗೆಗೆ ಮಾತ್ರ ಆಯಿ ಯಾರನ್ನೂ ಮುಟ್ಟಗೊಡಲಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ಕೈಯಿಂದಲೇ ಅಳೆದು ತಟ್ಟಿದಳು, ಪುಂಡಿಪಲ್ಯವನ್ನು ಕೆಡದಂತೆ ಎಣ್ಣೆ ಮುಂದಾಗಿ ಬೇಯಿಸಿದಳು. ತಾಯಿಗೆ ಹುಳಿ ಎಂದರೆ ಪ್ರಾಣವಂತೆ. ಬೇಯಿಸುತ್ತಾ ಬೇಯಿಸುತ್ತಾ ಅವಳ ಮುಖ ಎಷ್ಟು ಚಿಕ್ಕದಾಗಿತ್ತೆಂದರೆ, ನನ್ನ ವಾರಿಗೆಯ ಹುಡುಗಿಯೊಬ್ಬಳು ಒಲೆಯ ಮುಂದೆ ಕೂತಂತಿತ್ತು. ನನಗೆ ಅವಳ ಮೇಲೆ ಅಷ್ಟು ಅಕ್ಕರೆ ಅದಕ್ಕೆ ಮೊದಲು ಬಂದಿರಲಿಲ್ಲ.

ನಸುಕಿನಲ್ಲಿ ರಾಯಚೂರು ಬಿಟ್ಟವರು ಸಂಜೆಗೆ ಗಬ್ಬೂರು ಸೇರಿ ಅಲ್ಲೇ ಉಳಿದೆವು. ಮರುದಿನ ಬೆಳಿಗ್ಗೆ ದಾರಿ ಎರಡಾಗುವ ಜಾಗ ಬಂತು. ಆಯಿ ಗಾಡಿಯ ಮುಂದೆ, ಮಾವನ ಬೆನ್ನಿಗೆ ಹತ್ತಿ ಕೂತಿದ್ದಳು. ಗಾಡಿ ನಿಂತದ್ದೇ ಅವಳ ಬಲಗೈ ತಾನಾಗಿಯೇ ಮೇಲೆದ್ದಿತು. ಅಪ್ಪ ಕಾಗದ ಬಿಚ್ಚಿ, ಸಾಹೇಬರ ಹುಕುಂ ಓದುವ ದನಿಯಲ್ಲಿ 'ಎಡಕ್ಕೆ' ಎಂದು ಓದಿದ. ಆಯಿ ಕೈ ಇಳಿಸಿದಳು. ಮಾವ ಎತ್ತುಗಳನ್ನು ಎಡಕ್ಕೆ ತಿರುಗಿಸಿದ.

ಎರಡು ಗುಂಡುಗಲ್ಲು ಸಿಗಲಿಲ್ಲ. ಸಡಕಿಗೆ ಜಲ್ಲಿ ಮಾಡಲು ಒಡೆದಿರಬೇಕು ಎಂದ ಅಪ್ಪ. ಹಳ್ಳ ಸಿಕ್ಕಿತು. ಎಡಗಡೆಗೆ ಒಂದು ಬಾವಿಯೂ ಸಿಕ್ಕಿತು, ಮೆಟ್ಟಿಲು ಕುಸಿದದ್ದು. ಅಪ್ಪ ಕಾಗದವನ್ನು ತಲೆಯ ಮೇಲೆ ಎತ್ತಿ ಹಿಡಿದು ನಕ್ಕ. ಅದರಾಚೆ ಬಿದ್ದ ಗೋಡೆಗಳು, ಜಾಲಿ, ಒಂದು ಒಡೆದ ಒರಳು. ಹೊಲದ ಬದುವಿನಲ್ಲಿ ಬನ್ನಿ ಗಿಡದ ಬುಡಕ್ಕೆ ನಾಲ್ಕು ಕಲ್ಲು ಒಟ್ಟಿದ್ದರು. ಬನ್ನಿ ಗಿಡದ ಕೆಳಗೇ ಮಣ್ಣು ಮಾಡಿದ್ದೆಂದು ಆಯಿ ಹೇಳಿದ್ದಳು. ಅಪ್ಪ ಅವಳ ಕೈ ಹಿಡಿದು ಅಲ್ಲಿ ಕೂರಿಸಿ, "ಯವ್ವಾ, ಬಂದ್ವಿ" ಎಂದ.

ಆಯಿ ಎರಡೂ ಅಂಗೈಗಳಿಂದ ನೆಲ ಸವರಿದಳು. ಒಂದು ಹಿಡಿ ಮಣ್ಣು ತೆಗೆದು ಬೆರಳಲ್ಲಿ ತಿಕ್ಕಿದಳು, ಮೂಗಿನ ಹತ್ತಿರ ಹಿಡಿದಳು. ಅಪ್ಪ ಅವಳ ಮುಖವನ್ನೇ ನೋಡುತ್ತ ನಿಂತಿದ್ದ. ಆಮೇಲೆ ಅವಳು ಬುತ್ತಿಯ ಗಂಟು ಕೇಳಿದಳು. ರೊಟ್ಟಿ, ಪಲ್ಯ, ಒಂದು ಚೂರು ಬೆಲ್ಲ ಎಲೆಯ ಮೇಲೆ ಇಟ್ಟು, ಸುತ್ತ ನೀರು ಬಿಟ್ಟಳು.

"ಉಣ್ಣಬೇ ಯವ್ವಾ. ತಡ ಆತು."

ಅಪ್ಪ ಮಗುವಿನಂತೆ ಅತ್ತ. ನಾನೂ ಅತ್ತೆ. ಆಯಿ ಅಳಲಿಲ್ಲ, ಬಾಗಿ ಆ ಕಲ್ಲುಗಳ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತಿದ್ದಳು.

ರಾಯಚೂರಿಗೆ ಮರಳಿದ ಮೇಲೆ ಅಪ್ಪ ನೆಲದ ಮೇಲೆ ನಡೆಯಲಿಲ್ಲ ಎನ್ನಬೇಕು. ದಫ್ತರಿನಲ್ಲಿ ದಾರಿ ಸಿಗದ ಊರನ್ನು ಒಂದು ಹಾಳೆಯಿಂದ ಹುಡುಕಿದ ಕಥೆಯನ್ನು ಓಣಿಯವರಿಗೆ, ಕಚೇರಿಯವರಿಗೆ, ಬಾವಿಯ ಹತ್ತಿರ ನೀರಿಗೆ ನಿಂತವರಿಗೂ ಹೇಳಿದ. ಆ ಕಾಗದವನ್ನು ಮಡಿಚಿ ದೇವರ ಗೂಡಿನಲ್ಲಿ ಇಟ್ಟ. ಮಳೆಗಾಲ ಮುಗಿಯುವ ಹೊತ್ತಿಗೆ ಆಯಿಯ ಇನ್ನೊಂದು ಕಣ್ಣೂ ಮುಚ್ಚಿತು.

ಮಹಾನವಮಿ ಅಮಾವಾಸ್ಯೆ ಬಂತು. ಹಿರಿಯರಿಗೆ ಎಡೆ ಇಡುವ ದಿನ. ಆಯಿ ರೊಟ್ಟಿ ತಟ್ಟುತ್ತಿದ್ದಳು, ನಾನು ಹಂಚಿನ ಮೇಲೆ ಹಾಕಿ ತೆಗೆಯುತ್ತಿದ್ದೆ. ಈ ವರ್ಷ ನೀನು ಸಮಾಧಾನವಾಗಿ ಉಣ್ಣಬಹುದು, ನಿಮ್ಮವ್ವ ಉಂಡಾಯಿತಲ್ಲ ಎಂದೆ. ಅವಳ ಕೈ ನಿಂತಿತು.

"ಅದು ನಮ್ಮೂರಲ್ಲ, ತಂಗಿ. ಅಲ್ಲಿ ಮಣ್ಣು ಎರಿ ಇತ್ತು, ಕೈಗೆ ಹತ್ತತಿತ್ತು. ನಮ್ಮೂರಿಂದು ಮಸಾರಿ, ಕೆಂಪಂದು. ಹಿಡದ್ರ ಸುರೀತದ."

ಅದು ಹೇಗೆ ಸಾಧ್ಯ ಎಂದು ನಾನು ಜಗಳಕ್ಕೇ ನಿಂತೆ. ಅಪ್ಪ ಬರೆದಿದ್ದಾನೆ, ನಾನು ಅಂಗಳದಲ್ಲಿ ತಿರುಗಿ ತೋರಿಸಿದ್ದೇನೆ. ಹೇಳುತ್ತಾ ಹೇಳುತ್ತಾ ಯಾಕೋ ಅನುಮಾನ ಬಂದು, ಅವತ್ತು ಗಾಡಿಯಲ್ಲಿ ಹೇಗೆ ಕೂತಿದ್ದೆ ಎಂದು ಕೇಳಿದೆ. ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು.

"ಹ್ಯಾಂಗ ಅಂದ್ರ? ಎತ್ತಿಗೆ ಬೆನ್ನು ಮಾಡಿ, ಹಿಂದ ಕಾಲು ಇಳಿಬಿಟ್ಟು. ಅವ್ವನ್ನ ಬಿಟ್ಟು ಹೋಗೋರು ಎತ್ತಿನ ಕೋಡು ನೋಡ್ತಾರೇನು?"

ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ಊರಿನ ಕಡೆಗೇ ಮುಖ ಮಾಡಿ ಬಂದವಳಿಗೆ ಕಂಡ ಬಲ, ಊರಿಗೆ ಹೋಗುವವರಿಗೂ ಬಲವೇ. ಅವಳು ಹೇಳಿದ್ದರಲ್ಲಿ ಒಂದು ಅಕ್ಷರವನ್ನೂ ತಿರುಗಿಸಬೇಕಾಗಿರಲಿಲ್ಲ. ನಮ್ಮಿಬ್ಬರ ಜಾಣತನ ಅವಳನ್ನು ಅವಳ ತಾಯಿಯ ಹತ್ತಿರದವರೆಗೂ ಒಯ್ದು ಪಕ್ಕದ ದಾರಿಗೆ ತಳ್ಳಿತ್ತು. ನಾಚಿಕೆಯಿಂದ ನನ್ನ ಮುಖ ಉರಿಯಿತು. ಅಪ್ಪನಿಗೆ ಹೇಳುತ್ತೇನೆ, ಮತ್ತೆ ಗಾಡಿ ಕಟ್ಟಿಸೋಣ ಎಂದು ಎದ್ದೆ. ಹಿಟ್ಟಿನ ಕೈಯಿಂದಲೇ ಅವಳು ನನ್ನ ಮಣಿಕಟ್ಟು ಹಿಡಿದಳು. ಅಪ್ಪನಿಗೆ ಹೇಳಬಾರದು ಎಂದಳು. ನಿಮ್ಮಪ್ಪ ಅಲ್ಲಿ ಅತ್ತದ್ದು ನನಗೆ ಕೇಳಿಸಿತು, ಅವನು ನನಗಾಗಿ ಅಷ್ಟು ಅತ್ತಿದ್ದಾನೆ, ಅದು ಹಾಗೇ ಇರಲಿ ಎಂದಳು.

ನಾನು ಹೇಳಲಿಲ್ಲ. ಮುಂದಿನ ವರ್ಷಗಳಲ್ಲಿ ಗಲಭೆ ಎದ್ದು ಆ ದಾರಿಗಳಲ್ಲಿ ಜನ ಗಾಡಿ ಕಟ್ಟುವುದನ್ನೇ ಬಿಟ್ಟರು. ಗಲಭೆ ಅಡಗಿ ದಾರಿ ತೆರೆಯುವ ಹೊತ್ತಿಗೆ ಆಯಿ ಇರಲಿಲ್ಲ. ಅಪ್ಪ ಬದುಕಿರುವವರೆಗೂ, ತಾಯಿಯನ್ನು ತವರಿಗೆ ಮುಟ್ಟಿಸಿದವನು ನಾನು ಎಂದು ಹೇಳಿಕೊಂಡ. ಪ್ರತಿ ಸಲವೂ ನಾನು ಹೌದು ಎಂದು ತಲೆಯಾಡಿಸಿದೆ, ಪ್ರತಿ ಸಲವೂ ಆ ಬಲಗಡೆಯ ಜಾಡಿಗೆ ನನ್ನ ಜೀವ ಹರಿಯಿತು.

ಆದರೆ ಆ ಅಮಾವಾಸ್ಯೆಯ ದಿನ ನನಗೆ ತಡೆಯಲಾಗಲಿಲ್ಲ. ಹಾಗಾದರೆ ಎಡೆ ಇಟ್ಟದ್ದು ಯಾರಿಗೆ, ನಿಮ್ಮವ್ವ ಇನ್ನೂ ಹಸಿದೇ ಇದ್ದಾಳಲ್ಲ ಎಂದು ಅತ್ತೆ. ಆಯಿ ಹಿಟ್ಟಿನ ಉಂಡೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳಿದಳು.

"ಅಕಿನೂ ಯಾರದರ ಅವ್ವನ ಇರಬೇಕು. ಅಕಿ ಕಡಿನೂ ಯಾರೂ ಬಂದಿದ್ದಿಲ್ಲ, ಕಲ್ಲಿನ ಮ್ಯಾಲ ಅಷ್ಟು ಧೂಳು ಕುಂತಿತ್ತು. ಉಣ್ಣಲಿ ಬಿಡು. ಅಕಿ ಮಕ್ಕಳು ಎಲ್ಲೆರ ಇದ್ರ, ಅವರೂ ಹಿಂಗ ಹುಡುಕ್ಕೋಂತ ಬಂದು, ದಾರಿ ತಪ್ಪಿ ನಮ್ಮವ್ವನ ಮುಂದ ಕುಂದ್ರಲಿ."