ನೊಣದಮ್ಮ ಕಟ್ಟಿದ ಮನೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆರೋಗ್ಯ ಇಲಾಖೆಯ ಹಳೆಯ ಉಗ್ರಾಣದಲ್ಲಿ, ಕಿಟಕಿ ಪಕ್ಕದ ಮೇಜಿನ ಮೇಲೆ ಬೆಕ್ಕಿನ ಗಾತ್ರದ ನೊಣವೊಂದು ಅಂಗಾತ ಮಲಗಿದೆ. ಐವತ್ತು ದಾಟಿದ ಹೆಣ್ಣುಮಗಳೊಬ್ಬರು ಹಳೆಯ ಬ್ರಷ್ಷಿನ ಕೂದಲನ್ನು ಚಿಮುಟದಲ್ಲಿ ಹಿಡಿದು ಅದರ ಕಾಲಿಗೆ ಒಂದೊಂದಾಗಿ ಅಂಟಿಸುತ್ತಿದ್ದಾರೆ. ಪ್ರದರ್ಶನ ನಡೆದ ಹಿಂದಿನ ಊರಿನಲ್ಲಿ ಯಾರೋ ಪೋರ ಹಳೆಯ ಕಾಲನ್ನು ಕಿತ್ತು ಜೇಬಿಗಿಳಿಸಿದ್ದಾನೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

"ಅವನನ್ನ ಬೈಯೋಕೂ ಮನಸ್ಸು ಬರಲ್ಲ," ಎನ್ನುತ್ತಾರೆ ಅವರು. "ನೊಣ ಕಂಡ್ರೆ ಅಸಹ್ಯ ಆಗ್ಲಿ ಅಂತ ನಾವು ಮಾಡಿದ್ದು. ಅವನಿಗೆ ಇಷ್ಟ ಆಗ್ಬಿಡ್ತು."

ಇಲಾಖೆಯ ಕಾಗದಪತ್ರದಲ್ಲಿ ಇವರು ಮಾದರಿ ರಿಪೇರಿ ಮಾಡುವವರು. ಬಾಯಿಮಾತಿನಲ್ಲಿ ಎಲ್ಲರಿಗೂ ನೊಣದಮ್ಮ. ಊರೂರು ಸುತ್ತುವ ಆರೋಗ್ಯ ಪ್ರದರ್ಶನ ಇವತ್ತು ಪಕ್ಕದ ಬೀದಿಯ ಶಾಲೆಯಲ್ಲಿ ತೆರೆಯುತ್ತದೆ. ನೊಣದ ಕಾಲು ಅಷ್ಟರಲ್ಲಿ ಒಣಗುತ್ತದೆ, ಅದರ ಚಿಂತೆ ಅವರಿಗಿಲ್ಲ. ಇವತ್ತಾದರೂ ಅಕ್ಕ ಬರುತ್ತಾಳೋ ಇಲ್ಲವೋ ಎನ್ನುವುದೊಂದೇ ಎದೆಯಲ್ಲಿ ಕುಟ್ಟುತ್ತಿದೆ. ತಾಯಿ ತೀರಿಕೊಂಡ ಮೇಲೆ ಇವರನ್ನು ಸಾಕಿದ ಅಕ್ಕ ಪ್ರದರ್ಶನದ ಹೊಸ್ತಿಲು ತುಳಿದು ಹತ್ತು ವರ್ಷದ ಮೇಲಾಯಿತು.

ಓದು ಬರಹ ಬಾರದ ಜನರಿಗೆ ರೋಗದ ವಿಷಯ ಹೇಳುವುದು ಹೇಗೆಂದು ತಲೆ ಕೆಡಿಸಿಕೊಂಡವರು ಹುಟ್ಟುಹಾಕಿದ ದಾರಿ ಈ ಪ್ರದರ್ಶನ. ಅದರ ಚರಿತ್ರೆಯೆಲ್ಲ ಉಗ್ರಾಣದ ಗೋಡೆಗೆ ಆತುಕೊಂಡು ಧೂಳು ತಿನ್ನುತ್ತಿದೆ. ಮೇಲಿನ ಹಲಗೆಯಲ್ಲಿ ಗಾಜಿನ ಚಿತ್ರಗಳನ್ನು ಗೋಡೆಯ ಮೇಲೆ ಮೂಡಿಸುತ್ತಿದ್ದ ಲಾಟೀನು. ಅದರ ಕೆಳಗೆ ಸಿಡುಬಿನ ಗುಳ್ಳೆಯೆದ್ದ ಮೇಣದ ಮುಖಗಳು. ಇನ್ನೂ ಕೆಳಗೆ ಸುರುಳಿ ಸುತ್ತಿದ ಚಿತ್ರಪಟಗಳು, ಮೂಗು ಮುಕ್ಕಾದ ಬೊಂಬೆಗಳು. ಮೊದಲು ಇವನ್ನೆಲ್ಲ ಗಾಡಿ ಕಟ್ಟಿಕೊಂಡು ಒಯ್ಯುತ್ತಿದ್ದರಂತೆ, ಆಮೇಲೆ ರೈಲಿನಲ್ಲಿ, ಈಗ ವ್ಯಾನಿನಲ್ಲಿ.

ಮೇಣದ ಮುಖಗಳನ್ನು ಮಾಡಿದವರು ಇವರ ಗುರು, ಮೇಣದ ಮೇಷ್ಟ್ರು. ಪರದೆ ಹೊಲಿಯಲು ಬಂದಿದ್ದ ಹುಡುಗಿಯ ಬೆರಳು ನೋಡಿ, ಸೂಜಿ ಕಸಿದು ಉಳಿ ಕೊಟ್ಟವರು ಅವರೇ. ಹೆದರಿದವನು ಮಾತ್ರ ಕೈ ತೊಳೆಯುತ್ತಾನೆ ಎಂಬುದು ಅವರ ಸಿದ್ಧಾಂತ. ಮೇಣದ ಮುಖ ನೋಡಿ ಯಾರಾದರೂ ತಲೆ ತಿರುಗಿ ಬಿದ್ದರೆ ಅಂದು ಮೇಷ್ಟ್ರ ಮುಖ ಅರಳುತ್ತಿತ್ತು. ಶಿಷ್ಯೆ ದಿನಗೂಲಿಯಲ್ಲೇ ಅರ್ಧ ಆಯುಸ್ಸು ಕಳೆದರು. ಕುದಿವ ಮೇಣ ಬಿದ್ದೂ ಬಿದ್ದೂ ಎಡಗೈಯ ಎರಡು ಬೆರಳಿನ ತುದಿ ಜಡ್ಡುಗಟ್ಟಿದೆ. "ಒಲೆ ಮೇಲಿನ ಪಾತ್ರೆ ಇಳಿಸೋಕೆ ನನಗೆ ಬಟ್ಟೆ ಬೇಡ," ಎಂದು ನಗುತ್ತಾರೆ.

ಮೇಷ್ಟ್ರ ನಂತರ ಮೇಲಿನವರು ಒಂದು ಕೆಲಸ ಹೇಳಿದರು. ಎರಡು ಪುಟ್ಟ ಮನೆಗಳಾಗಬೇಕು, ಒಂದು ಚೊಕ್ಕ ಮನೆ, ಇನ್ನೊಂದು ಕೊಳಕು ಮನೆ. ಚೊಕ್ಕ ಮನೆಯ ನಕ್ಷೆ ಅವರೇ ಕೊಟ್ಟರು. ಕೊಳಕು ಮನೆಯನ್ನು ನಿನಗೆ ತೋಚಿದಂತೆ ಮಾಡು ಎಂದರು. ಇವರು ತಿಂಗಳುಗಟ್ಟಲೆ ಕೂತು ಮಾಡಿದರು. ನೀಲಿ ಕಿಟಕಿ, ವಾಲಿದ ದೀಪದ ಗೂಡು, ಮುಚ್ಚಳವಿಲ್ಲದ ನೀರಿನ ಕೊಡ, ಒಲೆ ಪಕ್ಕದಲ್ಲೇ ಕೋಳಿ.

"ಕೈಗೆ ಗೊತ್ತಿದ್ದ ಮನೆ ಅದೊಂದೇ," ಎನ್ನುವಾಗ ಅವರ ದನಿ ತಗ್ಗುತ್ತದೆ. "ಅದು ಅಕ್ಕನ ಮನೆ ಅಂತ ಮಾಡೋವಾಗ ನನಗೆ ಹೊಳೀಲೇ ಇಲ್ಲ."

ತಂಗಿಯ ಕೈಚಳಕ ತೋರಿಸಲು ಅಕ್ಕ ನೆರೆಹೊರೆಯವರನ್ನೆಲ್ಲ ಕಟ್ಟಿಕೊಂಡು ಬಂದಳು. ಮನೆ ನೋಡಿದಳು, ಮೇಲೆ ‘ಕೊಳಕು ಮನೆ’ ಎಂದು ಬರೆದಿದ್ದ ಬೋರ್ಡನ್ನೂ ನೋಡಿದಳು. ಜೊತೆಗೆ ಬಂದವಳೊಬ್ಬಳು, "ನಿಮ್ಮನೆ ಥರಾನೇ ಇದೆಯಲ್ಲ," ಎಂದು ಕಿಸಕ್ಕನೆ ನಕ್ಕಳು. ಅಕ್ಕ ಬಾಗಿಲವರೆಗೆ ಹೋಗಿ ಹಿಂತಿರುಗಿ, "ಆ ಮನೇಲೇ ಕಣೇ ನಿನ್ನ ಸಾಕಿದ್ದು," ಎಂದಳು. ಆಮೇಲೆ ಅಕ್ಕತಂಗಿಯರ ನಡುವೆ ಮದುವೆ, ಸಾವಿನ ಮನೆಗಳಲ್ಲಿ ಆಡಲೇಬೇಕಾದಷ್ಟು ಮಾತು ಮಾತ್ರ ಉಳಿಯಿತು.

ಅಂದಿನಿಂದ ನೊಣದಮ್ಮ ಪರದೆ ಹಿಂದೆ ನಿಂತು ಜನರ ಮುಖ ನೋಡತೊಡಗಿದರು. ದಿನಕ್ಕೆ ಇನ್ನೂರು ಮುನ್ನೂರು ಜನ ಬರುತ್ತಾರೆ. ಹೆಂಗಸರು ಕೊಳಕು ಮನೆಯ ಮುಂದೆ ನಿಂತು ಮೊದಲು ನಗುತ್ತಿದ್ದರು, ಬೋರ್ಡ್ ಓದಿದವರು ಅಥವಾ ಓದಿಸಿಕೊಂಡವರು ಸೆರಗು ಸರಿಮಾಡಿಕೊಂಡು ಸೀದಾ ಹೊರಗೆ ನಡೆಯುತ್ತಿದ್ದರು. ಕೂಸುಗಳಿಗೆ ಲಸಿಕೆ ಹಾಕುವ ಮೇಜು ಇದ್ದದ್ದು ಒಳಗೆ, ಕೊನೆಯಲ್ಲಿ. ಅಲ್ಲಿಗೆ ತಲುಪುವವರು ಬೆರಳೆಣಿಕೆಯಷ್ಟು.

"ಹೆದರಿದವರು ಆಮೇಲೆ ಧೈರ್ಯ ಮಾಡಿ ಬರ್ತಾರೆ. ನಾಚಿಕೆ ಆದವರು ಮತ್ತೆ ಬರಲ್ಲ," ಎನ್ನುತ್ತಾರೆ. "ಚೊಕ್ಕ ಮನೆ ಹತ್ರ ಮಕ್ಕಳೂ ಹೋಗ್ತಿರಲಿಲ್ಲ. ಅದರಲ್ಲಿ ಯಾರೂ ಇರಲಿಲ್ಲ ನೋಡಿ. ಮನುಷ್ಯರಿದ್ರೆ ಕೊಳೆ ಆಗುತ್ತಲ್ಲ."

ಬಂದ ಅಧಿಕಾರಿಗಳಿಗೆಲ್ಲ, ಎರಡು ಮನೆ ಬೇಡ, ಒಂದೇ ಸಾಕು ಎಂದು ಹೇಳಿ ನೋಡಿದರು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಈ ವರ್ಷ ಬಂದ ಡಾಕ್ಟರಮ್ಮ ಮಾತ್ರ, "ಆಗಲಿ, ಮಾಡಿ ನೋಡೋಣ," ಎಂದರು. ಆದರೆ ಈ ಸಲ ಅಕ್ಕನನ್ನು ಕೇಳದೆ ಉಳಿ ಮುಟ್ಟಬಾರದು ಎಂದು ನೊಣದಮ್ಮ ನಿರ್ಧರಿಸಿದ್ದರು. ಅಳತೆಪಟ್ಟಿ ಹಿಡಿದು ಅಕ್ಕನ ಬಾಗಿಲಲ್ಲಿ ನಿಂತು, "ಕಿಟಕಿ ಅಳತೆ ತಗೊಳ್ಲಾ ಅಕ್ಕಾ?" ಎಂದರು. ಅಕ್ಕ ಬೇಳೆ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ. "ತಗೊ," ಎಂದಳು, ಅಷ್ಟೇ.

ಈಗ ಶಾಲೆಯ ಹಾಲಿನ ನಡುವೆ ಮನೆ ಒಂದೇ ಇದೆ. ಬೋರ್ಡ್ ಇಲ್ಲ. ಅದೇ ನೀಲಿ ಕಿಟಕಿ, ಅದೇ ಗೂಡು. ಪಕ್ಕದ ತಟ್ಟೆಯಲ್ಲಿ ಬೆರಳುದ್ದದ ಸಾಮಾನುಗಳಿವೆ: ಕೊಡಕ್ಕೊಂದು ಮುಚ್ಚಳ, ಕೋಳಿಗೊಂದು ಬೇಲಿ, ಸೋಪಿನ ತುಂಡು. ಬಂದವರು ಬೇಕಾದ್ದನ್ನು ಬೇಕಾದಲ್ಲಿ ತಾವೇ ಇಡಬಹುದು. ಬಾಗಿಲು ತೆರೆದು ಗಂಟೆಯಾಗಿದೆ, ಜನ ಬಂದಿದ್ದಾರೆ. ಆದರೆ ಮುಟ್ಟಲು ಸಂಕೋಚ, ಕೈಕಟ್ಟಿ ನಿಂತು ನೋಡುತ್ತಿದ್ದಾರೆ. ನೊಣದಮ್ಮ ಪರದೆ ಹಿಂದೆ ಉಗುರು ಕಚ್ಚುತ್ತಿದ್ದಾರೆ.

ಅಷ್ಟರಲ್ಲಿ ಅಕ್ಕ ಬರುತ್ತಾಳೆ, ಒಬ್ಬಳೇ. ಪರದೆ ಕಡೆ ನೋಡುವುದಿಲ್ಲ. ಮನೆಯ ಸುತ್ತ ಒಂದು ಸುತ್ತು ಹಾಕುತ್ತಾಳೆ, ಬಗ್ಗಿ ಕಿಟಕಿಯೊಳಗೆ ಇಣುಕುತ್ತಾಳೆ. ಪಕ್ಕದಲ್ಲಿ ಕೂಸು ಎತ್ತಿಕೊಂಡ ಎಳೆಯ ತಾಯಿಯೊಬ್ಬಳು ಮುಚ್ಚಳಕ್ಕೆ ಕೈ ಚಾಚಿ ಹಿಂದಕ್ಕೆಳೆದುಕೊಳ್ಳುತ್ತಾಳೆ.

"ಮುಟ್ಟಮ್ಮ, ಯಾರೂ ಏನೂ ಅನ್ನಲ್ಲ," ಎನ್ನುತ್ತಾಳೆ ಅಕ್ಕ. "ಇದು ನನ್ನ ಮನೆ."

ಆ ತಾಯಿ ಮುಚ್ಚಳ ಇಡುತ್ತಾಳೆ. ಕೋಳಿಯನ್ನು ಎಲ್ಲಿ ಬಿಡುವುದೆಂದು ಅಕ್ಕ ವಿವರಿಸುವಷ್ಟರಲ್ಲಿ ಇನ್ನೂ ನಾಲ್ಕು ಜನ ಸುತ್ತುವರಿದಿದ್ದಾರೆ. ಒಬ್ಬಳು ಏನೋ ಕೇಳುತ್ತಾಳೆ, ಅಕ್ಕ ಅವಳ ತೋಳು ಹಿಡಿದು ಒಳಗಿನ ಲಸಿಕೆ ಮೇಜಿನ ದಾರಿ ತೋರಿಸುತ್ತಾಳೆ. ಪರದೆ ಹಿಂದೆ ನೊಣದಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ, ಮರೆಮಾಚುವುದಿಲ್ಲ.

ಇಲಾಖೆಯಿಂದ ಇನ್ನೇನಾದರೂ ಆಗಬೇಕೆ ಎಂದು ಡಾಕ್ಟರಮ್ಮ ಬಂದು ಕೇಳುತ್ತಾರೆ. ನೊಣದಮ್ಮ ಪರದೆ ಸರಿಸಿ ಮನೆಯ ಕಡೆ ಕೈ ತೋರಿಸುತ್ತಾರೆ.

"ಅಲ್ಲಿ ಅಕ್ಕನಿಗೆ ಒಂದು ಕುರ್ಚಿ ಹಾಕಿಸಿಕೊಡಿ," ಎನ್ನುತ್ತಾರೆ. "ಅವಳಿಗೆ ಮಂಡಿ ನೋವು. ನೋಡಿದ್ರೆ ಸಂಜೆವರೆಗೂ ಮಾತಾಡೋ ಹಾಗೆ ಕಾಣ್ತಾಳೆ."