ಬಾಯಮ್ಮ ಮುಚ್ಚಿಟ್ಟ ಕಾದಂಬರಿ

ಕಾದಂಬರಿಗೆ ಹೆದರಿ ಪುಸ್ತಕ ಮುಚ್ಚಿಟ್ಟವರನ್ನು ನೀವು ನೋಡಿದ್ದೀರಾ? ಡೊಂಬಿವ್ಲಿ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ನಾನು ನೋಡಿದ್ದೇನೆ. ಮಂಗಳೂರು ಕಡೆಯ ಆ ಕ್ರಿಶ್ಚಿಯನ್ ಹೆಂಗಸು ದಿನಾ ಜೊತೆಗೆ ಓಡಾಡುವ ನಮಗೆಲ್ಲ ಬಾಯಮ್ಮ. ದಿನಾ ಕ್ರೈಸ್ತ ಕಾದಂಬರಿ ಓದಿ, ಪುಟದೊಳಗೆ ಬೆರಳಿಟ್ಟುಕೊಂಡೇ ನಮಗೆ ಹೇಳುತ್ತಿದ್ದರು. “ಮೊದಲು ಕಥೆ, ಪಾಠ ಆಮೇಲೆ” ಎನ್ನುತ್ತಿದ್ದರು.

ಒಮ್ಮೆ, ಕಥೆಯ ಅಕ್ಕ ಮುನಿಸು ಮರೆತು ತಂಗಿಯ ಬಾಗಿಲು ತಟ್ಟುವಲ್ಲಿಗೆ ಬಂದಾಗ ಬೆರಳು ತೆಗೆದು ಪುಸ್ತಕ ಮುಚ್ಚಿಬಿಟ್ಟರು.

“ಮುಂದೆ ಹೇಳಿ ಬಾಯಮ್ಮ!”

“ಓದುವುದಿಲ್ಲ ಮಾರಾಯ್ತಿ. ಆ ಅಕ್ಕ ತಂಗಿಯನ್ನು ಕ್ಷಮಿಸಿದ್ರೆ ನಾನೂ ಕಾಮೋಠೆಗೆ ಹೋಗ್ಬೇಕಾಗ್ತದೆ.”

ಕಾಮೋಠೆಯಲ್ಲಿ ಅವರ ತಂಗಿ ಇದ್ದಳು. ಅಮ್ಮ ತೀರಿಕೊಂಡಂದಿನಿಂದ ಇಬ್ಬರಿಗೂ ಮಾತಿರಲಿಲ್ಲ.

ವಾರವಿಡೀ ಪುಸ್ತಕ ಚೀಲ ಬಿಟ್ಟು ಹೊರಗೆ ಬರಲಿಲ್ಲ. ಸೋಮವಾರ ನೋಡಿದರೆ ಚೀಲದಲ್ಲೂ ಇಲ್ಲ.

“ಕಾದಂಬರಿ ಎಲ್ಲಿ ಬಾಯಮ್ಮ?”

“ತಂಗಿ ಹತ್ರ. ನಿನ್ನೆ ಹೋಗಿ ಕೊಟ್ಟು ಬಂದೆ. ಕೊನೆಯದು ಅವಳೇ ಓದಿ ಫೋನಲ್ಲಿ ಹೇಳ್ತಾಳಂತೆ.”

ನಿಮ್ಮನ್ನೂ ಯಾವುದಾದರೂ ಕಥೆ ಹೀಗೆ ಎಬ್ಬಿಸಿ ಕಳಿಸಿದೆಯಾ? ಕೆಳಗೆ ಬರೆಯಿರಿ. ಮೊದಲು ಕಥೆ, ಪಾಠ ಆಮೇಲೆ.